ಒಳಗೆ ಬಿಟ್ಟ ಎರಡು ಇಂಚು

ಹೊಯ್ ಆನ್, ವಿಯೆಟ್ನಾಂ
1 ನವೆಂಬರ್ 2002

ಪ್ರಿಯ ಬಸವ್ವ,

ಶರಣು. ಮೊನ್ನೆ ದನಾಂಗ್ ವಿಮಾನ ನಿಲ್ದಾಣದಿಂದ ಫೋನು ಮಾಡಿ ವಿಳಾಸ ಬರೆಸಿದಾಗ ನೀನು ಎಲ್ಲದಕ್ಕೂ ‘ಹೂಂ’ ಅಂದೆ. ಇಷ್ಟು ದೂರದಿಂದ ಹೂಂ ಕೇಳಿಸಿಕೊಳ್ಳುವುದಕ್ಕಿಂತ ಪತ್ರವೇ ಮೇಲು ಅಂತ ತೀರ್ಮಾನಿಸಿದ್ದೇನೆ. ಇಲ್ಲಿ ಓಣಿಗೊಂದು ಇಂಟರ್ನೆಟ್ ಅಂಗಡಿ ಇದೆ. ಕನ್ನಡ ಬರುತ್ತದೆಯೇ ಎಂದು ಕೇಳಿದರೆ ಅಲ್ಲಿ ಕೂತಿದ್ದ ಹೆಣ್ಣುಮಗಳು ನಕ್ಕುಬಿಟ್ಟಳು. ಇರಲಿ, ಪತ್ರ ನಮಗೇನು ಹೊಸದಲ್ಲ. ಮದುವೆಯಾದ ಮರುವರ್ಷ ನಾನು ಲಂಡನ್ನಿಗೆ ಬಂದು, ನೀನು ಧಾರವಾಡದಲ್ಲೇ ಉಳಿದು, ಮೂರು ವರ್ಷ ಕಾಗದದ ಮೇಲೆಯೇ ಸಂಸಾರ ಮಾಡಿದವರು ನಾವು.

ಊರು ಹೇಗಿದೆ ಹೇಳುತ್ತೇನೆ ಕೇಳು. ಗೋಡೆಗಳೆಲ್ಲ ಅರಿಶಿನ ಬಳಿದಂಥ ಹಳದಿ. ಹಳೆಯ ಓಣಿಗಳಿಗೆ ಕಾರು ಬಿಡುವುದಿಲ್ಲ, ಸೈಕಲ್ಲು ಮತ್ತು ಕಾಲು ಅಷ್ಟೇ. ಒಂದು ಸೇತುವೆ ಇದೆ, ಅದರ ಮೇಲೆ ಮನೆಗೆ ಹಾಕಿದ ಹಾಗೆ ಹೆಂಚು ಹಾಕಿದ್ದಾರೆ. ನಾನೂರು ವರ್ಷದ ಹಿಂದೆ ಜಪಾನಿನ ವ್ಯಾಪಾರಿಗಳು ಕಟ್ಟಿಸಿದ್ದಂತೆ. ಒಂದು ತುದಿಗೆ ನಾಯಿಯ ಮೂರ್ತಿ, ಇನ್ನೊಂದು ತುದಿಗೆ ಮಂಗನದು. ಕಟ್ಟಲು ಶುರು ಮಾಡಿದ್ದು ಮಂಗನ ವರ್ಷದಲ್ಲಿ, ಮುಗಿಸಿದ್ದು ನಾಯಿಯ ವರ್ಷದಲ್ಲಿ ಎಂದು ಗೈಡು ಹೇಳಿದ. ನಮ್ಮ ಕ್ರೋಯ್ಡನ್ನಿನಲ್ಲಿ ಟ್ರಾಮ್ ಹಳಿ ಹಾಕಲು ಕೌನ್ಸಿಲ್‌ನವರು ತೆಗೆದುಕೊಂಡ ಕಾಲಕ್ಕೆ ಯಾವ ಪ್ರಾಣಿ ನಿಲ್ಲಿಸಬೇಕೋ ತಿಳಿಯದು.

ಇನ್ನು ನಮ್ಮ ಕಸುಬು. ಗೆಸ್ಟ್‌ಹೌಸಿನಿಂದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ನಲವತ್ತೊಂದು ಟೇಲರ್ ಅಂಗಡಿ ಎಣಿಸಿದೆ. ಬೆಳಿಗ್ಗೆ ಅಳತೆ ಕೊಟ್ಟರೆ ಮರುದಿನ ಸೂಟು ಕೈಯಲ್ಲಿ! ನಿನ್ನ ಮಗಳು ಸ್ಫೂರ್ತಿ ಈ ಊರಿಗೇ ಟಿಕೆಟ್ ಕೊಡಿಸಿದ್ದು ನನ್ನನ್ನು ಕಿಚಾಯಿಸಲಿಕ್ಕೇ ಇರಬೇಕು. ಗಾಜಿನ ಹೊರಗೆ ನಿಂತು ಒಂದು ಕೋಟು ನೋಡಿದೆ. ಹೆಗಲು ಕೂತಿರಲಿಲ್ಲ. ಒಳಗೆ ಹೋಗಿ ಹೇಳಬೇಕೆನಿಸಿತು, ತಡೆದುಕೊಂಡೆ. ಎಷ್ಟು ದಿನ ತಡೆದುಕೊಳ್ಳುತ್ತೇನೋ ಗೊತ್ತಿಲ್ಲ.

ಊಟದ್ದೇ ಫಜೀತಿ. ಎಲ್ಲದಕ್ಕೂ ಮೀನಿನ ರಸ ಸುರಿಯುತ್ತಾರೆ. ಮೀನು ಬೇಡ, ಮಾಂಸ ಬೇಡ ಎಂದರೆ ಪ್ರೀತಿಯಿಂದ ಮೊಟ್ಟೆ ತರುತ್ತಾರೆ. ಮೂರು ದಿನದಿಂದ ಬಿಳಿ ಅನ್ನ, ಬಾಳೆಹಣ್ಣು ಮತ್ತು ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿ.

ಮಿಸೆಸ್ ಹಾರ್ಗ್ರೀವ್ಸ್ ಪ್ಯಾಂಟು ತಂದರೆ ಸೊಂಟ ಮೂವತ್ತಾರು ಅನ್ನುತ್ತಾರೆ, ನಂಬಬೇಡ, ಮೂವತ್ತೆಂಟೂವರೆ. ನೀನು ಕಾಜಾ-ಗುಂಡಿ, ಕೈಹೊಲಿಗೆ ಅಷ್ಟೇ ನೋಡಿಕೊ. ಕತ್ತರಿ ಹಿಡಿಯುವ ಕೆಲಸ ನಾನು ಬರುವವರೆಗೆ ಇರಲಿ, ಬಾಗಿಲಿಗೆ ಚೀಟಿ ಅಂಟಿಸಿದ್ದೇನಲ್ಲ. ಹೊತ್ತು ಹೋಗಲೆಂದು ಹೊಲಿಯುತ್ತೀಯಲ್ಲ ಆ ಬ್ಲೌಸುಗಳನ್ನೂ ಬದಿಗಿಟ್ಟು ಮೊಣಕಾಲಿಗೆ ವಿಶ್ರಾಂತಿ ಕೊಡು. ಆ ಮೊಣಕಾಲು ನೋವಿಗೇ ಅಲ್ಲವೇ ನಿನ್ನ ಟಿಕೆಟ್ಟು ಹಾಳಾದದ್ದು.

ಅಂಗಡಿಯ ಬಗ್ಗೆ ಒಂದು ವಿಷಯ ಇದೆ. ಬಂದ ಮೇಲೆ ಹೇಳುತ್ತೇನೆ. ನಿನಗೆ ಖುಷಿಯಾಗುವಂಥದ್ದೇ.

ನಿನ್ನ
ನಾಗಲಿಂಗಪ್ಪ

ಕ್ರೋಯ್ಡನ್
4 ನವೆಂಬರ್ 2002, ದೀಪಾವಳಿ ಅಮಾವಾಸ್ಯೆ

ಸ್ಫೂರ್ತಿಯ ಅಪ್ಪನವರಿಗೆ ಬಸಲಿಂಗವ್ವ ಮಾಡುವ ಶರಣು ಶರಣಾರ್ಥಿ.

ನಿಮ್ಮ ಪತ್ರ ಇನ್ನೂ ಬಂದಿಲ್ಲ. ಫೋನಿನಲ್ಲಿ ಬರೆಸಿದ ವಿಳಾಸ ಸರಿಯಿದ್ದರೆ ಇದು ಮುಟ್ಟುತ್ತದೆ. ಫೋನು ಬಂದಾಗ ಅಂಗಡಿಯಲ್ಲಿ ಗಿರಾಕಿ ಇದ್ದರು, ಬಾಯಲ್ಲಿ ನಾಲ್ಕು ಗುಂಡುಸೂಜಿ ಇದ್ದವು, ಅದಕ್ಕೇ ಹೂಂ ಅಂದೆ.

ಹಬ್ಬ ಚೆನ್ನಾಯಿತು. ನಿನ್ನೆ ಟ್ರಾಮ್ ಹತ್ತಿ ವಿಂಬಲ್ಡನ್ನಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಟೂಟಿಂಗಿಗೆ ಹೋಗಿ ಬಂದೆ. ಹೀರೇಕಾಯಿ, ಮೆಂತ್ಯ ಸಿಕ್ಕಿತು. ಜೋಳದ ಹಿಟ್ಟು ಮಾತ್ರ ಹಳೆಯದು, ರೊಟ್ಟಿ ಹರಿಯುತ್ತದೆ. ಸ್ಫೂರ್ತಿ ಬಂದಿದ್ದಳು, ಹೋಳಿಗೆ ತಿಂದು ‘ಲವ್ಲಿ ಅವ್ವಾ’ ಅಂದು ಎಂಟರ ಟ್ರೇನಿಗೆ ಹೋದಳು. ನಾಳೆ ಇಲ್ಲಿಯವರದೂ ಪಟಾಕಿ ಹಬ್ಬ, ಆದ್ದರಿಂದ ನಮ್ಮ ಸದ್ದಿಗೆ ಯಾರೂ ಏನೂ ಅನ್ನಲಿಲ್ಲ.

ಬಾಗಿಲಿಗೆ ಅಂಟಿಸಿದ್ದ ನಿಮ್ಮ ಚೀಟಿ, ‘ಸೂಟು, ಕೋಟಿನ ಕೆಲಸ ಡಿಸೆಂಬರ್ 9ರಿಂದ’ ಅಂತ ಬರೆದದ್ದು, ಮಳೆಗೆ ನೆನೆದು ಬಿದ್ದುಹೋಯಿತು. ಟೂಟಿಂಗಿನ ವೈದೇಹಿಯ ಮದುವೆಯ ಬ್ಲೌಸುಗಳು ನಡೆದಿವೆ. ಗಂಡಿನ ಕಡೆ, ಹೆಣ್ಣಿನ ಕಡೆ ಸೇರಿ ಹನ್ನೊಂದು. ಡಿಸೆಂಬರ್ ಏಳಕ್ಕೆ ಮದುವೆ. ನೀವು ಬರುವ ದಿನವೇ.

ಮೊಣಕಾಲು ಪರವಾಗಿಲ್ಲ. ನೀವು ಹೊಟ್ಟೆ ಜೋಪಾನ.

ಬಸಲಿಂಗವ್ವ

ಹೊಯ್ ಆನ್
6 ನವೆಂಬರ್ 2002

ಪ್ರಿಯ ಬಸವ್ವ,

ತಡೆದುಕೊಳ್ಳಲು ಆಗಲಿಲ್ಲ. ಆ ಅಂಗಡಿಯ ಒಳಗೆ ಹೋದೆ.

ಅಂಗಡಿ ಒಬ್ಬ ಹೆಣ್ಣುಮಗಳದು. ಲಿಯೆನ್ ಅಂತ ಹೆಸರು, ನಿನ್ನದೇ ವಯಸ್ಸು. ಕೋಟಿನ ಹೆಗಲು ತೋರಿಸಿ ‘ಇದು ಸರಿಯಿಲ್ಲ’ ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಕುರ್ಚಿ ಬಿಟ್ಟು ಎದ್ದು, ‘ಯೂ ಟೇಲರ್? ಶೋ ಮಿ’ ಅಂದಳು. ತೋಳು ಬಿಚ್ಚಿ ಮತ್ತೆ ಕೂಡಿಸಿ ಕೊಟ್ಟೆ. ಇಪ್ಪತ್ತು ನಿಮಿಷ. ತಿರುಗಿಸಿ ತಿರುಗಿಸಿ ನೋಡಿದಳು. ಒಳಗಿನಿಂದ ಒಂದು ಗ್ಲಾಸು ಚಹಾ ಬಂತು. ಅಂದಿನಿಂದ ದಿನಾ ಬೆಳಿಗ್ಗೆ ಅಲ್ಲೇ ನನ್ನ ಬಿಡಾರ. ನಾಲ್ಕು ಮಶೀನು, ಗೋಡೆ ತುಂಬ ರೇಷ್ಮೆ, ಹೊರಗೆ ನದಿ.

ಒಂದು ತಮಾಷೆ ಹೇಳಬೇಕು. ಅಲ್ಲಿ ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಎಲ್ಲ ಆಕೆಯದು. ಗಂಡ ಮೂಲೆಯಲ್ಲಿ ಒಂದು ಸಣ್ಣ ಸ್ಟೂಲಿನ ಮೇಲೆ ಕೂತು ಕಾಜಾ-ಗುಂಡಿ ಮಾಡುತ್ತಾನೆ! ಎಂಥ ಸಂಸಾರವಪ್ಪಾ ಅಂತ ಒಳಗೊಳಗೇ ನಕ್ಕೆ. ಆದರೆ ಪಾಪ, ಮನುಷ್ಯ ಕೆಲಸದಲ್ಲಿ ಗಟ್ಟಿ. ಎಷ್ಟು ಹೊತ್ತು ಕೂತರೂ ಯಾರೂ ಅವನನ್ನು ಮಾತಾಡಿಸುವುದಿಲ್ಲ. ನಾನೇ ಒಂದೆರಡು ಸಲ ನಮಸ್ಕಾರ ಮಾಡಿದೆ.

ಊಟದ ಚಿಂತೆ ನಿನ್ನೆ ಕಳೆಯಿತು. ಅಮಾವಾಸ್ಯೆಯ ಮರುದಿನ ಇಲ್ಲಿ ಬಹಳ ಮನೆಗಳಲ್ಲಿ ಮೀನು, ಮಾಂಸ ಮುಟ್ಟುವುದಿಲ್ಲ, ಹುಣ್ಣಿಮೆಗೂ ಹಾಗೆಯೇ. ಆ ಊಟಕ್ಕೆ ‘ಚಾಯ್’ ಅನ್ನುತ್ತಾರೆ. ಇದನ್ನು ಮೊದಲೇ ಹೇಳಿದ್ದರೆ ಆರು ದಿನ ಬಾಳೆಹಣ್ಣು ತಿನ್ನುತ್ತಿರಲಿಲ್ಲ. ಲಿಯೆನ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಕೂಡಿಸಿದಳು. ಅಕ್ಕಿ ಹಿಟ್ಟಿಗೆ ಅರಿಶಿನ ಹಾಕಿ ಚುಂಯ್ ಅಂತ ಹೊಯ್ಯುವ ದೋಸೆ, ಒಳಗೆ ಅಣಬೆ, ಮೊಳಕೆ ಕಾಳು. ಅದನ್ನು ಸೊಪ್ಪಿನಲ್ಲಿ ಸುತ್ತಿ ತಿನ್ನಬೇಕು. ದಪ್ಪ ಶ್ಯಾವಿಗೆಯಂಥದೊಂದು ಈ ಊರಿನ ಸ್ಪೆಶಲ್, ಒಂದು ಹಳೆಯ ಬಾವಿಯ ನೀರಿನಲ್ಲಿ ಕಲಸಿದರೆ ಮಾತ್ರ ಆ ರುಚಿ ಅಂತ ಎಲ್ಲರೂ ಹೇಳುತ್ತಾರೆ. ಕೊನೆಗೆ ಅನ್ನ ಬಂತು, ಅದರ ಮೇಲೆ ಎಳ್ಳು ಶೇಂಗಾ ಕುಟ್ಟಿದ ಪುಡಿ! ಚೀಲದಿಂದ ನಿನ್ನ ಹಿಂಡಿ ತೆಗೆದು ಪಕ್ಕದಲ್ಲಿಟ್ಟೆ. ಲಿಯೆನ್ ನಮ್ಮದನ್ನು ತಿಂದು ಕಣ್ಣಲ್ಲಿ ನೀರು ತಂದುಕೊಂಡು ಮತ್ತೊಂದು ಸಲ ಹಾಕಿಸಿಕೊಂಡಳು.

ಬಟ್ಟೆಯ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಬಣ್ಣದ ಒಂದು ಉಣ್ಣೆ ಬಟ್ಟೆ ಕಣ್ಣಿಗೆ ಬಿತ್ತು. ನಿನ್ನ ಮದುವೆಯ ಇಳಕಲ್ ಸೀರೆಯ ಬಣ್ಣ. ಕೂಡಲೇ ಕೊಂಡೆ. ನಿನಗೊಂದು ಕೋಟು ಹೊಲಿಯುತ್ತೇನೆ. ಊರಿಗೆಲ್ಲ ಕೋಟು ಹೊಲಿದೆ, ನೀನು ಮಾತ್ರ ಚಾರಿಟಿ ಅಂಗಡಿಯ ಆ ನೀಲಿ ಕೋಟಿನಲ್ಲೇ ಹನ್ನೆರಡು ಚಳಿಗಾಲ ಕಳೆದೆ. ಅಳತೆ ಬೇಕು. ನನ್ನ ಅಳತೆ ಪುಸ್ತಕದಲ್ಲಿ ನೋಡು, ಇಲ್ಲದಿದ್ದರೆ ನೀನೇ ಟೇಪು ಹಿಡಿದು ಕೂಡಲೇ ಬರೆದು ಕಳಿಸು.

ನಿನ್ನ
ನಾಗಲಿಂಗಪ್ಪ

ಕ್ರೋಯ್ಡನ್
11 ನವೆಂಬರ್ 2002

ಸ್ಫೂರ್ತಿಯ ಅಪ್ಪನವರಿಗೆ ಶರಣು.

ನಿಮ್ಮ ಒಂದನೇ ತಾರೀಖಿನ ಪತ್ರ ಬಂತು. ಸೇತುವೆ, ನಾಯಿ, ಮಂಗ ಎಲ್ಲ ಓದಿದೆ.

ಶನಿವಾರ ರಾಮಪ್ರಸಾದ್ ಬಂದಿದ್ದರು, ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಬೆಂಗಳೂರಿನವರು. ಕೈಯಲ್ಲಿ ಸ್ಟೀಲಿನ ಟೇಪು ಇತ್ತು. ಗೋಡೆಯಿಂದ ಗೋಡೆಗೆ ಅಳೆಯಬೇಕು, ಸ್ವಲ್ಪ ಹಿಡಿದುಕೊಳ್ಳಿ ಅಂದರು. ಇನ್ನೊಂದು ತುದಿ ಹಿಡಿದುಕೊಂಡೆ. ಪೂರ್ತಿ ಅಳೆದು ಬರೆದುಕೊಂಡ ಮೇಲೆ ‘ಯಾಕ್ರೀ ಇದೆಲ್ಲಾ?’ ಅಂತ ಕೇಳಿದೆ.

‘ಅಂಕಲ್ ಹೇಳ್ಲಿಲ್ವಾ ಆಂಟಿ?’ ಅಂದರು.

‘ಹೇಳ್ಯಾರ, ಹೇಳ್ಯಾರ. ಚಾ ಕುಡದ ಹೋಗ್ರಿ’ ಅಂದೆ. ಕುಡಿದು ಹೋದರು. ಒಳ್ಳೆಯ ಮನುಷ್ಯ, ಕಪ್ಪು ತೊಳೆದಿಟ್ಟು ಹೋದರು.

ಅದೇನೆಂದು ನೀವು ಹೇಳುವುದನ್ನು ಕಾಯುತ್ತಿದ್ದೇನೆ. ಫೋನು ಮಾಡಬೇಡಿ. ಬರೆಯಿರಿ.

ಬಸಲಿಂಗವ್ವ

ಕ್ರೋಯ್ಡನ್
15 ನವೆಂಬರ್ 2002

ಸ್ಫೂರ್ತಿಯ ಅಪ್ಪನವರಿಗೆ,

ಆರನೇ ತಾರೀಖಿನ ನಿಮ್ಮ ಪತ್ರ ಇವತ್ತು ಬಂತು. ಅಳತೆ ಕೇಳಿದ್ದೀರಿ. ಪುಸ್ತಕ ನೋಡಿದೆ. ಮಿಸೆಸ್ ಹಾರ್ಗ್ರೀವ್ಸ್ ಇದ್ದಾರೆ, ಅವರ ತೀರಿಹೋದ ಗಂಡ ಇದ್ದಾರೆ, ನಮ್ಮ ಜಿಪಿ ಡಾಕ್ಟರು ಇದ್ದಾರೆ, ಟೌನ್ ಹಾಲಿನ ಕಾವಲುಗಾರ ಇದ್ದಾನೆ. ನಾನು ಇಲ್ಲ. ಆದ್ದರಿಂದ ನಾನೇ ಟೇಪು ಹಿಡಿದೆ. ಬರೆದುಕೊಳ್ಳಿ.

ಉದ್ದ ಹತ್ತೊಂಬತ್ತು ಅಡಿ. ಅಗಲ ಹನ್ನೊಂದು ಅಡಿ ನಾಲ್ಕು ಇಂಚು. ಕತ್ತರಿಸುವ ಮೇಜಿನಿಂದ ಹಿಂದಿನ ಕೋಣೆಯ ಬಾಗಿಲಿಗೆ ಒಂಬತ್ತು ಹೆಜ್ಜೆ, ಕೈಯಲ್ಲಿ ಇಸ್ತ್ರಿ ಇದ್ದರೆ ಹನ್ನೊಂದು. ಕಿಟಕಿ ಏಳು ಅಡಿ, ಅದರ ಬೆಳಕು ಬೀಳುವುದು ನಿಮ್ಮ ಕುರ್ಚಿಯ ಮೇಲೆ. ನನ್ನ ಸ್ಟೂಲು ಬಾಯ್ಲರ್ ಪಕ್ಕ, ಎತ್ತರ ಹದಿನೆಂಟು ಇಂಚು, ಅದಕ್ಕೆ ಬೆನ್ನಿಲ್ಲ. ಇಪ್ಪತ್ತೊಂದು ವರ್ಷ ಅದರ ಮೇಲೆ ಕೂತಿದ್ದೇನೆ. ಇದೇ ನನ್ನ ಅಳತೆ. ರಾಮಪ್ರಸಾದ್ ಅವರು ಬರೆದುಕೊಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ, ಬೇಕಾದರೆ ಕೇಳಿ.

ನಿಮ್ಮ ಒಳ್ಳೆಯ ವಿಷಯ ಏನೆಂದು ತಿಳಿಯಿತು. ಲೀಸಿನ ಏಜೆಂಟರಿಂದ ಪತ್ರ ಬಂದಿತ್ತು, ಒಡೆದು ನೋಡಿದೆ. ಡಿಸೆಂಬರ್ 6, ಶುಕ್ರವಾರದೊಳಗೆ ಹೊಸ ಲೀಸಿಗೆ ಸಹಿ ಆಗದಿದ್ದರೆ ವರ್ಷದ ಕೊನೆಗೆ ಅಂಗಡಿ ಬಿಡಬೇಕು. ಅದು ನಿಮಗೆ ಆಗಸ್ಟಿನಿಂದಲೇ ಗೊತ್ತು. ಸಹಿ ಹಾಕುವುದಿಲ್ಲ ಎಂದು ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಿ ರಾಮಪ್ರಸಾದ್ ಅವರಿಗೆ ಮಾತು ಕೊಟ್ಟು, ವಿಮಾನ ಹತ್ತಿ ಹೋಗಿ, ಅಲ್ಲಿ ಇನ್ನೊಬ್ಬಳ ಅಂಗಡಿಯಲ್ಲಿ ಖುಷಿಯಾಗಿ ಕೂತಿದ್ದೀರಿ.

ಹೊತ್ತು ಹೋಗಲೆಂದು ಹೊಲಿಯುವ ಬ್ಲೌಸು ಅಂದಿರಿ. ನೀವು ಮಂಗಳವಾರ, ಶುಕ್ರವಾರ ಮಧ್ಯಾಹ್ನ ದೊಡ್ಡ ಅಂಗಡಿಯ ಆಲ್ಟರೇಶನ್‌ಗೆ ಹೋಗುತ್ತೀರಲ್ಲ, ಆಗ ಯಾರು ಯಾರು ಬರುತ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ? ಟೂಟಿಂಗಿನಿಂದ, ಸೌತ್‌ಹಾಲಿನಿಂದ ಎರಡೆರಡು ಬಸ್ಸು ಬದಲಿಸಿ ಬರುತ್ತಾರೆ. ವೈದೇಹಿ ಮೊದಲ ದಿನ ಬಂದು ‘ಇಲ್ಲಿ ಬಸಲಿಂಗವ್ವ ಆಂಟಿ ಅಂಗಡಿ ಯಾವ್ದು?’ ಅಂತ ಕೇಳಿದಳು. ಬೋರ್ಡಿನ ಮೇಲೆ ಇರುವುದು ನಿಮ್ಮ ಹೆಸರು. ಪಾಪ, ಆ ಹುಡುಗಿ ಅದರ ಕೆಳಗೇ ನಿಂತಿದ್ದಳು.

ನನಗೆ ಸಿಟ್ಟು ಬಂದಿದೆ. ಸುಮ್ಮನೆ ಬಂದಿಲ್ಲ, ನೋವಾಗಿ ಬಂದಿದೆ. ಫೋನಿನಲ್ಲಿ ಜಗಳ ಆಡಿದರೆ ಐದು ನಿಮಿಷಕ್ಕೆ ಮುಗಿಯುತ್ತದೆ, ನೀವು ಮರೆತುಬಿಡುತ್ತೀರಿ. ಇದನ್ನು ಎರಡು ಸಲ ಓದಿ.

ಬಸಲಿಂಗವ್ವ

ಹೊಯ್ ಆನ್
19 ನವೆಂಬರ್ 2002

ಪ್ರಿಯ ಬಸವ್ವ,

ನಿನ್ನ ಹನ್ನೊಂದನೇ ತಾರೀಖಿನ ಪತ್ರ ಇವತ್ತು ಸಿಕ್ಕಿತು. ರಾಮಪ್ರಸಾದ್‌ಗೆ ಎಲ್ಲದರಲ್ಲೂ ಅವಸರ. ನಾನು ಬರುವವರೆಗೆ ಬಾಯಿ ಮುಚ್ಚಿಕೊಂಡಿರು ಅಂದಿದ್ದೆ.

ಇನ್ನು ಮುಚ್ಚಿಡುವುದೇನಿದೆ. ಅಂಗಡಿ ಬಿಡೋಣ ಅಂತ ಮಾಡಿದ್ದೇನೆ. ಕೇಳಿ ಗಾಬರಿಯಾಗಬೇಡ. ನನಗೆ ಐವತ್ತೆಂಟಾಯಿತು. ಅದಕ್ಕಿಂತ ಹೆಚ್ಚಾಗಿ, ಮಲಗುವ ಮುಂಚೆ ನೀನು ಕೈಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ದಿನಾ ನೋಡುತ್ತೇನೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ನನ್ನ ಪ್ಯಾಂಟು ಕೋಟುಗಳಿಗೆ ಗುಂಡಿ ಹಚ್ಚಿ ಹಚ್ಚಿಯೇ ನಿನ್ನ ಬೆರಳು ಹಾಗಾದವು ಅಂತ ಹೊಟ್ಟೆ ಉರಿಯುತ್ತದೆ. ಮೇಲೆ ಈ ಮೊಣಕಾಲು. ಸ್ಫೂರ್ತಿ ಟಿಕೆಟ್ ತಂದುಕೊಟ್ಟಾಗ ಹದಿನಾಲ್ಕು ತಾಸು ವಿಮಾನದಲ್ಲಿ ಕೂಡಲು ಆಗುವುದಿಲ್ಲ ಅಂದೆಯಲ್ಲ, ಆ ದಿನವೇ ರಾಮಪ್ರಸಾದ್ ಹತ್ತಿರ ಹೋಗಿ ಮಾತಾಡಿದೆ. ಸಾಕು ದುಡಿದದ್ದು, ಇನ್ನು ನಿನ್ನನ್ನು ಕರೆದುಕೊಂಡು ಊರು ನೋಡಬೇಕು ಅಂತ ಆಸೆ. ಮೊದಲು ಹೇಳಿದ್ದರೆ ನನ್ನ ಸಲುವಾಗಿ ‘ಬ್ಯಾಡ, ಇರಲಿ’ ಅನ್ನುತ್ತಿದ್ದೆ. ನಿನ್ನನ್ನು ನಾನು ಬಲ್ಲೆ.

ನಿನ್ನೆ ಈ ಊರು ನೀನು ನೋಡಬೇಕಿತ್ತು. ಹುಣ್ಣಿಮೆಯ ಹಿಂದಿನ ಸಂಜೆ, ಹಳೆಯ ಓಣಿಗಳಲ್ಲಿ ಕರೆಂಟಿನ ದೀಪ ಆರಿಸಿ ಬರೀ ರೇಷ್ಮೆಯ ಆಕಾಶಬುಟ್ಟಿ ಹಚ್ಚುತ್ತಾರೆ. ನಮ್ಮ ದೀಪಾವಳಿಗೆ ಮನೆಗೊಂದು, ಇಲ್ಲಿ ಬಾಗಿಲಿಗೆ ಹತ್ತು. ಹೆಂಗಸರು ಕಾಗದದ ದೀಪ ನದಿಗೆ ಬಿಡುತ್ತಾರೆ. ಮಡಚಿದರೆ ಕೊಡೆಯಂತೆ ಚಿಕ್ಕದಾಗುವ ಬುಟ್ಟಿ ನಾಲ್ಕು ಕೊಂಡೆ, ಎರಡು ಸ್ಫೂರ್ತಿಗೆ. ಫುಕಿಯೆನ್ ಚೀನಿಯರ ಸಭಾಮಂಟಪಕ್ಕೂ ಹೋಗಿದ್ದೆ. ಅಲ್ಲಿ ಊದಿನಕಡ್ಡಿಯನ್ನು ಸುರುಳಿ ಸುತ್ತಿ ಮೇಲಿನಿಂದ ಇಳಿಬಿಟ್ಟಿರುತ್ತಾರೆ, ಒಂದೊಂದು ತಿಂಗಳುಗಟ್ಟಲೆ ಉರಿಯುತ್ತದಂತೆ. ನಿನ್ನ ಹೆಸರು ಬರೆಸಿ ಒಂದು ಹಚ್ಚಿಸಿದೆ.

ಅಳತೆ ಇನ್ನೂ ಬರಲಿಲ್ಲ, ಆದರೆ ಕೋಟು ಶುರು ಮಾಡಿದೆ. ಲಿಯೆನ್ ಕೇಳಿದಳು, ‘ವೈಫ್, ಹೌ ಬಿಗ್?’ ನೀನು ನನ್ನ ಹೆಗಲಿಗೆ ಬರುತ್ತೀ ಅಂತ ಗೊತ್ತು, ಅದನ್ನು ಕೈಮಾಡಿ ತೋರಿಸಿದೆ. ಮಿಕ್ಕಿದ್ದು ಮದುವೆಯ ಬ್ಲೌಸಿನ ಅಳತೆ ಮಾತ್ರ ನೆನಪಿದೆ, ಎದೆ ಮೂವತ್ತೆರಡು. ‘ಯೂ ಟೇಲರ್!’ ಅಂತ ಆಕೆ ನಕ್ಕಳು, ಮೂಲೆಯ ಸ್ಟೂಲಿನವನೂ ನಕ್ಕ. ನಾಚಿಕೆಯಾಯಿತು. ಮೂವತ್ತೆರಡಕ್ಕೆ ನಾಲ್ಕು ಸೇರಿಸಿ, ದೇವರ ಮೇಲೆ ಭಾರ ಹಾಕಿ ಕತ್ತರಿಸಿದೆ.

ಒಂದು ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಹೊಲಿಗೆಯ ಒಳಗೆ ಎರಡೆರಡು ಇಂಚು ಬಟ್ಟೆ ಬಿಡಬೇಕು ಅಂದೆ. ಅಷ್ಟು ಬಿಟ್ಟರೆ ಕೋಟು ದಪ್ಪ ಕಾಣುತ್ತದೆ, ಕತ್ತರಿಸಿ ಬಿಸಾಕು ಅಂದಳು. ನಮ್ಮ ಕಡೆ ಬಟ್ಟೆ ಬಿಸಾಕುವುದಿಲ್ಲ, ತೊಡುವವರ ಮೈ ನಾಳೆ ಹೇಗಿರುತ್ತದೋ ಟೇಲರ್‌ಗೆ ಗೊತ್ತಿರುವುದಿಲ್ಲ, ಅದಕ್ಕೆ ಒಳಗೆ ಬಿಡುತ್ತೇವೆ ಅಂತ ಕೈ ಬಾಯಿ ಎಲ್ಲ ಉಪಯೋಗಿಸಿ ತಿಳಿಸಿ ಹೇಳಿದೆ. ಗೆದ್ದೆ.

ನಿನ್ನ
ನಾಗಲಿಂಗಪ್ಪ

ಹೊಯ್ ಆನ್
24 ನವೆಂಬರ್ 2002

ಬಸವ್ವ,

ನಿನ್ನ ಅಳತೆಯ ಪತ್ರ ಬಂತು. ಎರಡು ಸಲ ಅಲ್ಲ, ನಾಲ್ಕು ಸಲ ಓದಿದೆ.

ಮೊದಲ ಸಲ ಓದಿ ನನಗೂ ಸಿಟ್ಟು ಬಂತು. ಈಕೆಗಾಗಿಯೇ ಅಲ್ಲವೇ ಮಾಡಿದ್ದು ಅಂತ. ಪತ್ರ ಹಿಡಿದುಕೊಂಡೇ ಅಂಗಡಿಗೆ ಹೋದೆ. ಲಿಯೆನ್ ಕತ್ತರಿಸುತ್ತಿದ್ದಳು. ಗಂಡ ಸ್ಟೂಲಿನ ಮೇಲಿದ್ದ. ಅದರ ಎತ್ತರ ನೋಡಿದೆ, ಹದಿನೆಂಟು ಇಂಚೇ ಇರಬೇಕು. ಅದಕ್ಕೂ ಬೆನ್ನಿರಲಿಲ್ಲ. ಮೂರು ವಾರದಿಂದ ಆ ಮನುಷ್ಯನನ್ನು ನೋಡಿ ನಗುತ್ತಿದ್ದೇನೆ. ಅವನ ಜಾಗದಲ್ಲಿ ಇಪ್ಪತ್ತೊಂದು ವರ್ಷ ನಿನ್ನನ್ನು ಕೂಡಿಸಿದವನು ನಾನೇ ಎಂಬುದು ಆಗ ತಲೆಗೆ ಹೋಯಿತು.

ಅವನ ಪಕ್ಕ ನೆಲದ ಮೇಲೆ ಕೂತು ಸೂಜಿ ಕೇಳಿದೆ. ನಿನ್ನ ಕೋಟಿನ ಐದು ಕಾಜಾ ನಾನೇ ಮಾಡಿದ್ದೇನೆ. ಮೊದಲನೆಯದು ಸೊಟ್ಟಗಾಯಿತು. ನಲವತ್ತು ವರ್ಷ ಟೇಲರ್ ಅಂತ ಓಡಾಡಿದವನಿಗೆ ಒಂದು ಕಾಜಾ ನೆಟ್ಟಗೆ ಬರುವುದಿಲ್ಲ, ಯಾಕೆಂದರೆ ಅದನ್ನೆಲ್ಲ ನೀನು ಮಾಡುತ್ತಿದ್ದೆ. ಸಂಜೆಗೆ ನನ್ನ ಬೆರಳೂ ನೋಯುತ್ತಿದ್ದವು. ಆದರೆ ನಿನ್ನ ಬೆರಳು ನೋಯುವುದು ಇದಕ್ಕಲ್ಲ, ಆ ಬ್ಲೌಸುಗಳಿಗೆ ಹಿಡಿದ ಕತ್ತರಿಗೆ ಅಂತ ಈಗ ತಿಳಿಯಿತು. ನೀನು ದಣಿದಿದ್ದೀ ಅಂದುಕೊಂಡಿದ್ದೆ, ನೀನು ಬೆಳೆಯುತ್ತಿದ್ದೆ.

ತಪ್ಪು ನನ್ನದು. ಅಂಗಡಿ ನನ್ನೊಬ್ಬನದು ಅನ್ನುವ ಹಾಗೆ ಇನ್ನೊಬ್ಬರಿಗೆ ಮಾತು ಕೊಟ್ಟೆ. ಪೋಸ್ಟ್ ಆಫೀಸಿನಿಂದ ರಾಮಪ್ರಸಾದ್‌ಗೆ ಫೋನು ಮಾಡಿ, ಕೊಡಲು ಅದು ನನ್ನದಲ್ಲಪ್ಪ, ಬಸಲಿಂಗವ್ವನನ್ನು ಕೇಳು ಅಂದೆ. ಸ್ವಲ್ಪ ಮುನಿಸಿಕೊಂಡ. ಮುನಿಸಿಕೊಳ್ಳಲಿ. ನಿನಗೆ ಫೋನು ಮಾಡಲು ಧೈರ್ಯ ಬರಲಿಲ್ಲ. ನೀನು ಮತ್ತೆ ಹೂಂ ಅಂದರೆ ಅದಕ್ಕೇನು ಅರ್ಥ ಅಂತ ತಿಳಿಯುತ್ತಿರಲಿಲ್ಲ.

ಲೀಸಿಗೆ ಸಹಿ ಹಾಕುವುದು, ಬಿಡುವುದು ನಿನ್ನದು. ಹಾಕು ಅಂತ ಹೇಳುವುದೂ ಇಲ್ಲ, ಅದೂ ನಾನೇ ತೀರ್ಮಾನ ಮಾಡಿದ ಹಾಗಾಗುತ್ತದೆ. ನೀನು ಏನೇ ಮಾಡಿದರೂ ಏಳನೇ ತಾರೀಖು ಮಧ್ಯಾಹ್ನ ಹೀಥ್ರೂದಿಂದ ನೇರ ಅಂಗಡಿಗೇ ಬರುತ್ತೇನೆ.

ಈ ಪತ್ರವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟು ಎಕ್ಸ್‌ಪ್ರೆಸ್ ಪಾರ್ಸೆಲ್ ಮಾಡುತ್ತಿದ್ದೇನೆ. ಕೋಟು ನಿನ್ನ ಮೈಗೆ ಆಗುವುದಿಲ್ಲ ಅಂತ ನನಗೆ ಗೊತ್ತು. ಕ್ಷಮಿಸು.

ನಾಗಲಿಂಗಪ್ಪ

ಕ್ರೋಯ್ಡನ್
6 ಡಿಸೆಂಬರ್ 2002

ಸ್ಫೂರ್ತಿಯ ಅಪ್ಪನವರಿಗೆ ಶರಣು ಶರಣಾರ್ಥಿ.

ಇದನ್ನು ಅಂಚೆಗೆ ಹಾಕುವುದಿಲ್ಲ. ಕತ್ತರಿಸುವ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ನಾಳೆ ನೀವು ಬರುವ ಹೊತ್ತಿಗೆ ನಾನು ಟೂಟಿಂಗಿನಲ್ಲಿ ಇರುತ್ತೇನೆ, ವೈದೇಹಿಯ ಮದುವೆಯಲ್ಲಿ. ಹನ್ನೊಂದು ಬ್ಲೌಸು ಹನ್ನೊಂದು ಮೈಮೇಲೆ ಹೇಗೆ ಕೂತಿವೆ ಅಂತ ನೋಡಬೇಕು.

ಕೋಟು ಮಂಗಳವಾರ ಬಂತು. ಹಾಕಿಕೊಂಡೆ. ಹೆಗಲು ಕೂತಿತು, ತೋಳು ಕೂತಿತು, ಮುಂದೆ ಮಾತ್ರ ಒಂದು ಗುಂಡಿಯೂ ಮುಟ್ಟಲಿಲ್ಲ. ಕನ್ನಡಿ ಮುಂದೆ ನಿಂತು ಒಬ್ಬಳೇ ನಕ್ಕೆ. ಆಮೇಲೆ ಜೇಬಿನಲ್ಲಿ ಕೈ ಹಾಕಿದೆ, ಪತ್ರ ಸಿಕ್ಕಿತು. ಓದಿ ಸ್ವಲ್ಪ ಅತ್ತೆ. ನೀವು ಕ್ಷಮಿಸು ಅಂತ ಬರೆದದ್ದು ಮೂವತ್ತೆರಡು ವರ್ಷದಲ್ಲಿ ಇದೇ ಮೊದಲು. ಆ ಕಾಗದ ಜೋಪಾನವಾಗಿ ಇಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಅಸ್ತರ ಬಿಚ್ಚಿದೆ. ಎರಡೂ ಬದಿಗೆ ಎರಡೆರಡು ಇಂಚು ಬಟ್ಟೆ ಮಡಚಿ ಕೂತಿತ್ತು, ಬೆನ್ನಿನ ನಡುವೆ ಇನ್ನೆರಡು. ಇದ್ದಷ್ಟನ್ನೂ ಹೊರಗೆ ಬಿಟ್ಟೆ. ಬುಧವಾರ ಸಂಜೆಯೊಳಗೆ ಗುಂಡಿ ಬಿದ್ದವು. ನೀವು ನನ್ನ ಅಳತೆ ತಪ್ಪಿದಿರಿ, ಆದರೆ ತಪ್ಪುತ್ತೀರಿ ಅಂತ ಮೊದಲೇ ತಿಳಿದು ಜಾಗ ಬಿಟ್ಟಿದ್ದಿರಿ. ಅಷ್ಟು ಸಾಕು ನನಗೆ. ಸೊಟ್ಟ ಕಾಜಾ ಹಾಗೇ ಇಟ್ಟಿದ್ದೇನೆ.

ನನ್ನದೂ ಎರಡು ಸುಳ್ಳು ಇವೆ, ಅವನ್ನೂ ಬಿಚ್ಚುತ್ತೇನೆ. ಬಾಗಿಲಿನ ಚೀಟಿ ಮಳೆಗೆ ಬೀಳಲಿಲ್ಲ, ನೀವು ಹೋದ ದಿನವೇ ನಾನೇ ಕಿತ್ತೆ. ಮೊಣಕಾಲು ನೋವು ಇರಲೇ ಇಲ್ಲ. ಹನ್ನೊಂದು ಬ್ಲೌಸು ಬಿಟ್ಟು ಬರಲು ಮನಸ್ಸಾಗಲಿಲ್ಲ, ಹಾಗಂದರೆ ನೀವು ನಗುತ್ತೀರಿ ಅಂತ ಮೊಣಕಾಲು ಅಂದೆ. ಅದನ್ನು ನಂಬಿ ನೀವು ಅಂಗಡಿಯನ್ನೇ ಬಿಡಲು ಹೊರಟಿರಿ. ನಿಮ್ಮ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಾಲು ಭಾಗ ಅಂತ ಇಟ್ಟುಕೊಳ್ಳಿ.

ಇವತ್ತು ಬೆಳಿಗ್ಗೆ ಕೋಟು ಹಾಕಿಕೊಂಡು ಏಜೆಂಟರ ಆಫೀಸಿಗೆ ಹೋದೆ. ಲಿಫ್ಟಿನಲ್ಲಿ ಒಬ್ಬ ಹೆಂಗಸು ಎಲ್ಲಿ ತೆಗೆದುಕೊಂಡಿರಿ ಅಂತ ಕೇಳಿದಳು. ನನ್ನ ಗಂಡ ಹೊಲಿದದ್ದು ಅಂದೆ. ಒಳಗೆ ಆ ಮನುಷ್ಯ ಹಳೆಯ ಲೀಸಿನಲ್ಲಿದ್ದವರ ಹೆಸರು ಹೇಳಿ ಅಂದ. ಮದುವೆಯಾದಂದಿನಿಂದ ನಿಮ್ಮ ಹೆಸರು ಹಿಡಿದು ಕರೆದವಳಲ್ಲ, ಯಾರಾದರೂ ಕೇಳಿದರೆ ಬೋರ್ಡು ತೋರಿಸುತ್ತಿದ್ದೆ. ಅಲ್ಲಿ ಬೋರ್ಡು ಇರಲಿಲ್ಲ. ಗಟ್ಟಿಯಾಗಿ ‘ನಾಗಲಿಂಗಪ್ಪ’ ಅಂದೆ. ಏನೂ ಆಗಲಿಲ್ಲ. ಆಮೇಲೆ ಹೊಸದಕ್ಕೆ ಯಾರ ಹೆಸರು ಅಂದ. ನನ್ನದು ಹೇಳಿದೆ. ಹತ್ತು ವರ್ಷಕ್ಕೆ ಸಹಿ ಹಾಕಿ ಬಂದೆ. ರಾಮಪ್ರಸಾದ್ ಅವರಿಗೆ ಪಕ್ಕದ ಓಣಿಯಲ್ಲಿ ಖಾಲಿಯಾಗುವ ಜಾಗ ತೋರಿಸಿದ್ದೇನೆ, ಅದಕ್ಕೆ ಕಿಟಕಿ ಇನ್ನೂ ದೊಡ್ಡದು. ಅವರ ಮುನಿಸೂ ಹೋಯಿತು.

ಊರು ನೋಡುವ ನಿಮ್ಮ ಆಸೆ ನನಗೂ ಇದೆ. ಬರುವ ವರ್ಷ ನವೆಂಬರಿನಲ್ಲಿ ಮದುವೆಯ ಕೆಲಸ ಹಿಡಿಯುವುದಿಲ್ಲ. ಆ ಲಿಯೆನ್ ಅಕ್ಕನನ್ನು ನೋಡಬೇಕು, ಆಕೆಯ ಗಂಡನನ್ನು ಇನ್ನೂ ಹೆಚ್ಚು ನೋಡಬೇಕು. ಅಮಾವಾಸ್ಯೆ ನೋಡಿ ಟಿಕೆಟ್ ತೆಗೆಸೋಣ, ಊಟಕ್ಕೆ ಅನುಕೂಲ.

ಬೀಗದ ಕೈ ಎಂದಿನ ಜಾಗದಲ್ಲಿದೆ. ಅವಲಕ್ಕಿ ಡಬ್ಬಿಯಲ್ಲಿದೆ, ಮೊಸರು ಫ್ರಿಜ್ಜಿನಲ್ಲಿದೆ. ನಿಮ್ಮ ಕುರ್ಚಿ ಈಗ ನನ್ನದು, ಬೆಳಕು ನನಗೆ ಬೇಕು. ಬಾಯ್ಲರ್ ಪಕ್ಕದ ಸ್ಟೂಲಿಗೆ ಒಂದು ಬೆನ್ನು ಹಚ್ಚಿಸಿದ್ದೇನೆ, ಇಪ್ಪತ್ತೊಂದು ವರ್ಷ ನಾನು ಅನುಭವಿಸಿದ್ದನ್ನು ನೀವು ಅನುಭವಿಸುವುದು ಬೇಡ. ಅದರ ಮೇಲೆ ಆರು ಬ್ಲೌಸು ಇಟ್ಟಿದ್ದೇನೆ, ಮಂಗಳವಾರದೊಳಗೆ ಕಾಜಾ-ಗುಂಡಿ ಆಗಬೇಕು. ನೆಟ್ಟಗೆ ಬರಲಿ.

ಅಳತೆ ಪುಸ್ತಕದ ಮೊದಲ ಹಾಳೆ ಯಾವಾಗಲೂ ಖಾಲಿ ಬಿಡುತ್ತಿದ್ದಿರಲ್ಲ, ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಎದೆ, ಸೊಂಟ, ತೋಳು ಅಂತ ಸಾಲು ಹಾಕಿ ಮುಂದೆ ಏನೂ ಬರೆದಿಲ್ಲ. ಟೇಪು ಪುಸ್ತಕದ ಮೇಲೇ ಇದೆ. ನಾಳೆ ಸಂಜೆ ನಾನು ಬಂದ ಮೇಲೆ ನೀವೇ ತೆಗೆಯಿರಿ.

ಬಸಲಿಂಗವ್ವ